ಮೊಮ್ಮಗನ ಮಾತಿಗೆ ಸೊಸೆ ಕಾದದ್ದು

ನನ್ನ ಮೊಮ್ಮಗನಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಬೆರಳು ತೋರಿಸುತ್ತಿದ್ದ, "ಊಂ" ಅನ್ನುತ್ತಿದ್ದ, ಅಷ್ಟೆ. ಭೀಮನಬೀಡಿನ ನಮ್ಮ ಬೀದಿಯಲ್ಲಿ ಅದೇ ಸುದ್ದಿಯಾಯಿತು. ನಾಲಿಗೆಗೆ ತೇಯ್ದು ಹಚ್ಚು ಅಂತ ಪಕ್ಕದ ಮನೆಯವಳು ಬಜೆ ಬೇರನ್ನೇ ತಂದುಕೊಟ್ಟಳು.

ಸೊಸೆ ಕುದೇರಿನವಳು. ಗುಂಡ್ಲುಪೇಟೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ. ಬೇರನ್ನು ಗೋಡೆಯ ಗೂಡಿನಲ್ಲಿ ಇಟ್ಟು, "ಇದು ಇಲ್ಲೇ ಇರ್ಲಿ ಬುಡಿ ಅತ್ತೆ. ಮೊದ್ಲು ಕಿವಿ ತೋರುಸ್ಕಂಡ್ ಬರನ," ಅಂದಳು.

ಮಗುವನ್ನು ಎತ್ತಿಕೊಂಡು ಇಬ್ಬರೂ ಚಾಮರಾಜನಗರದ ಆಸ್ಪತ್ರೆಗೆ ಹೋದೆವು. ಕಿವಿ ಚೆನ್ನಾಗಿತ್ತು. ಆಮೇಲೆ ಡಾಕ್ಟರಮ್ಮ ನಮ್ಮನ್ನು ವಿಚಾರಿಸಿದರು. ಹಗಲು ಯಾರ ಜೊತೆ ಇರುತ್ತಾನೆ, ಮೊಬೈಲ್ ನೋಡುತ್ತಾನಾ, ನೀರು ಬೇಕಾದರೆ ಏನು ಮಾಡುತ್ತಾನೆ? ಬೆರಳು ತೋರಿಸಿದರೆ ತಾತ ಕೊಡುತ್ತಾರೆ ಅಂದೆ. ತೋರಿಸುವ ಮೊದಲೇ ಕೊಡುತ್ತಾರೆ ಅಂದಳು ಸೊಸೆ. ಡಾಕ್ಟರಮ್ಮ ನಕ್ಕರು. ಮೊಬೈಲ್ ಎತ್ತಿಡಿ, ಅವನು ನೋಡುತ್ತಿರುವ ವಸ್ತುವಿನ ಹೆಸರು ಹೇಳಿ, ಹೇಳಿ ಸ್ವಲ್ಪ ಕಾಯಿರಿ, ಸದ್ದು ಮಾಡಿದರೂ ಸಾಕು ಕೊಟ್ಟುಬಿಡಿ, ಅಳುವಷ್ಟು ಕಾಯಿಸಬೇಡಿ, ಮತ್ತೆ ಕರೆತಂದು ತೋರಿಸಿ ಅಂದರು.

ಕಾಯುವುದು ಅಂದರೇನು ಅಂತ ಗೊತ್ತಾದದ್ದು ಸೊಸೆಯನ್ನು ನೋಡಿ. ನಾನು ನಾಲ್ಕು ಹೆತ್ತವಳು. ಬಾಯಿಗೆ ತುತ್ತು ತುರುಕಿ ಹೊಲಕ್ಕೆ ಹೋದವಳು. ಇವಳಿಗೂ ಹೊತ್ತಿರಲಿಲ್ಲ, ಬಸ್ಸು ಹಿಡಿಯಬೇಕು. ಆದರೂ ಹಾಲಿನ ಲೋಟ ಹಿಡಿದು ಅವನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. "ಹಾಲು. ಹಾಲು ಬೇಕಾ ಮಗ?" ಅಂದು ಸುಮ್ಮನಾಗುವಳು. ಅವನ ಮುಖವನ್ನೇ ನೋಡುವಳು. ತುಟಿಯಿಂದ ಏನೋ ಒಂದು ಸದ್ದು ಬಂದರೆ ಲೋಟ ಅವನ ಕೈಗೆ. ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿದರೂ ಮುಖದಲ್ಲಿ ಅವಸರ ಕಾಣುತ್ತಿರಲಿಲ್ಲ. ಎಂಥ ಗಟ್ಟಿ ಹೆಣ್ಣು ಅಂದುಕೊಂಡೆ.

ಕೆಡಿಸುತ್ತಿದ್ದವರು ನಮ್ಮ ಯಜಮಾನರು. ಅವಳು ಬಸ್ಸು ಹತ್ತಿದ ಮೇಲೆ ಅವರದೇ ರಾಜ್ಯ. ಮಗು ಡಬ್ಬಿಯ ಕಡೆ ತಿರುಗುವಷ್ಟರಲ್ಲಿ ಬಿಸ್ಕತ್ತು ಕೈಯಲ್ಲಿ.

"ಕಾಯ್ಬೇಕು ಅಂದಿಲ್ವಾ ಡಾಕ್ಟ್ರು?" ಅಂದೆ.

"ಮೊಗ ಅಸ್ಕಂಡದೆ ಕಣಮ್ಮಿ. ನಿಂದು ಕಲ್ಲೆದೆ."

"ನಿಮ್ಮವ್ವನೂ ನಿಮ್ಗೆ ಇಂಗೇ ತಿನ್ಸಿದ್ರೆ ನಿಮ್ಗೂ ಮಾತು ಬತ್ತಿರ್ನಿಲ್ಲ. ನಾನು ನೆಮ್ದಿಯಾಗಿರ್ತಿದ್ದೆ."

ಸಂಜೆ ನಾನು ಸೊಸೆಗೆ ಹೇಳಿದೆ. ಮಾವನ ಮೇಲೆ ರೇಗುತ್ತಾಳೆ ಅಂದುಕೊಂಡಿದ್ದೆ. ರೇಗಲಿಲ್ಲ. "ಮಾವ, ನಾಳಿಂದ ಅವ್ನಿಗೆ ಕೊಡದ್ ಬುಟ್ಟು ಅವ್ನ ಕೈಲೇ ಇಸ್ಕಳಿ. ಟವಲ್ ಕೇಳಿ, ಚಪ್ಲಿ ಕೇಳಿ," ಅಂದಳು. ಮುದುಕರಿಗೆ ಇದು ಹಿಡಿಸಿತು. ದಿನವೆಲ್ಲ "ಚಪ್ಲಿ ತತ್ತಾ ಮಗ, ಚೊಂಬು ತತ್ತಾ ಮಗ." ಅವನೂ ಓಡಿ ಓಡಿ ತರುತ್ತಿದ್ದ. ಅವನಿಗೆ ಇಷ್ಟೊಂದು ಹೆಸರು ಗೊತ್ತು ಅಂತ ನಮಗೇ ಗೊತ್ತಿರಲಿಲ್ಲ. ಮಾತು ಮಾತ್ರ ಬರಲಿಲ್ಲ. ಸೊಸೆ ರಾತ್ರಿ ಊಟ ಸರಿಯಾಗಿ ಮಾಡುತ್ತಿರಲಿಲ್ಲ.

ಸಣ್ಣ ಈರುಳ್ಳಿ ಕಿತ್ತು ಅಂಗಳಕ್ಕೆ ತಂದ ವಾರ, ಅವಳ ರಜೆಯ ದಿನ, ಎಲ್ಲರೂ ಅದರ ಬಾಲ ಕತ್ತರಿಸುತ್ತ ಕೂತಿದ್ದೆವು. ಮಗು ದಪ್ಪದ್ದು ಒಂದು ಪುಟ್ಟಿಗೆ, ಸಣ್ಣದು ಇನ್ನೊಂದಕ್ಕೆ ಹಾಕುತ್ತಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಪುಟ್ಟಿಯನ್ನೇ ಬಾಗಿಲ ಕಡೆ ಎಳೆಯಲು ಹೋದ. ಅಲುಗಲಿಲ್ಲ. ಯಜಮಾನರು ಬಗ್ಗಿ ಕೈ ಹಾಕಿದರು.

ಮಗು ಅವರ ಕೈ ತಳ್ಳಿ, "ಬುಡು!" ಅಂದ. ಅವರು ಬಿಡಲಿಲ್ಲ. "ಬುಡು, ತಾತ!"

ಸೊಸೆ ಕುಡುಗೋಲು ಕೆಳಗಿಟ್ಟಳು. ಓಡಿಹೋಗಿ ಅಪ್ಪಿಕೊಳ್ಳಲಿಲ್ಲ. "ತಾತ ಬುಟ್ರು. ನೀನೇ ಎಳಿ ಮಗ," ಅಂದಳು.

"ಮೊದ್ಲು ಬಂದ ಮಾತೇ ಬೈಗ್ಳ," ಅಂದರು ಯಜಮಾನರು. "ನಿನ್ ಮೊಮ್ಮಗನೇ ಸೈ ಕಣಮ್ಮಿ."

ಅವನು ಎಳೆದ. ಅರ್ಧ ಈರುಳ್ಳಿ ಅಂಗಳಕ್ಕೆ ಚೆಲ್ಲಿತು. ಪುಟ್ಟಿ ಬಾಗಿಲು ಮುಟ್ಟುವ ತನಕ ನಮ್ಮ ಮೂವರಲ್ಲಿ ಯಾರೂ ಎದ್ದೇಳಲಿಲ್ಲ.