ಮದುವೆಗೆ ಮುಂಚೆ ಚಿಕ್ಕಮ್ಮ ಕೇಳಿದ ಮಾತು

ಕಡಲೆಕಾಯಿ ಸುಲಿದು ಸುಲಿದು ಚಿಕ್ಕಮ್ಮನ ಹೆಬ್ಬೆರಳಿನ ಉಗುರು ಅರ್ಧಕ್ಕೆ ಸವೆದು, ತುದಿ ಸೀಳಿ ಕಪ್ಪಾಗಿತ್ತು. ಅವಳು ನನ್ನಮ್ಮನ ತಂಗಿ. ಕಳ್ಳಂಬೆಳ್ಳದಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಮನೆ. ಮಕ್ಕಳಿರಲಿಲ್ಲ. ಚಿಕ್ಕಪ್ಪ ಲಾರಿ ಡ್ರೈವರ್.

ಚಿಕ್ಕಪ್ಪ ಸೊರಗಿ ತೀರಿಕೊಂಡ ಮೇಲೆ ಶಿರಾದ ಆಸ್ಪತ್ರೆಯಲ್ಲಿ ಅವಳ ರಕ್ತ ಪರೀಕ್ಷೆ ಮಾಡಿದರು. ಎಚ್‌ಐವಿ ಇತ್ತು. ತನಗೆ ಸೋಂಕಿರುವುದು ಚಿಕ್ಕಪ್ಪನಿಗೆ ಮೊದಲೇ ಗೊತ್ತಿತ್ತೆಂದು ಅವನ ಜೊತೆಯ ಡ್ರೈವರ್ ಒಬ್ಬ ಆಮೇಲೆ ಹೇಳಿದ.

"ಒಂದ್ ಮಾತು ಹೇಳಿದ್ರೆ ನಿರೋಧ್ ಹಾಕ್ಕೊಂಡು ಜೊತೇಲೇ ಇರ್ತಿದ್ವಿ," ಎಂದಳು ಚಿಕ್ಕಮ್ಮ. "ನಾನೇನು ಬುಟ್ಟೋಯ್ತಿದ್ನಾ?"

ಕಾಯಿಲೆ ಗೊತ್ತಾದಂದಿನಿಂದ ನಮ್ಮ ಮನೆಯಲ್ಲಿ ಅಮ್ಮ ಅವಳಿಗೆಂದೇ ಬೇರೆ ತಟ್ಟೆ ಇಟ್ಟಳು. ಚಿಕ್ಕಮ್ಮ ಅದರಲ್ಲೇ ಉಂಡು, ತಾನೇ ತೊಳೆದಿಟ್ಟು ಹೋಗುತ್ತಿದ್ದಳು.

ನನ್ನನ್ನು ನೋಡಲು ಮಧುಗಿರಿಯಿಂದ ಗಂಡಿನವರು ಬಂದಿದ್ದಾಗ, ಬಾಗಿಲ ಪಕ್ಕ ಕೂತಿದ್ದ ಚಿಕ್ಕಮ್ಮ ಹುಡುಗನನ್ನೇ ಕೇಳಿದಳು. "ತಪ್ಪು ತಿಳ್ಕೋಬ್ಯಾಡಪ್ಪ. ಇಬ್ರೂ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ. ನಿಂದೂ, ನಮ್ಮುಡುಗೀದೂ."

ಗಂಡಿನವರು ಎದ್ದು ನಿಂತರು. ಅಮ್ಮ ಅವಳ ಸೆರಗು ಹಿಡಿದು ಒಳಗೆಳೆದಳು. "ನಿನ್ ಬಾಳಂತೂ ಹೋಯ್ತು. ಇವಳದ್ನೂ ಕೆಡಿಸ್ತೀಯೇನೆ?"

ಆದರೆ ಹುಡುಗ ಮುಂದಿನ ವಾರ ಒಬ್ಬನೇ ಬಂದು ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಇಬ್ಬರಿಗೂ ಏನೂ ಇರಲಿಲ್ಲ. ಚಿಕ್ಕಮ್ಮನಿಗೆ ಹೇಳಿದಾಗ ಕಣ್ಣೊರೆಸಿಕೊಂಡು, "ಇವತ್ತು ಇಲ್ಲ ಅಂದ್ರೆ ಯಾವತ್ತೂ ಬರಲ್ಲ ಅಂತಲ್ಲ ಕಣಮ್ಮ. ಅನುಮಾನ ಬಂದ್ರೆ ನಿರೋಧ್ ಇಲ್ದೆ ಬ್ಯಾಡ ಅನ್ನು. ಗಂಡ ಅಂತ ನಾಚ್ಕೊಂಡು ಸುಮ್ಕಿರಬ್ಯಾಡ," ಎಂದಳು. ಮದುವೆಗೆ ಅವಳು ಬರುವುದು ಬೇಡವೆಂದು ಅಮ್ಮ ಹೇಳಿಬಿಟ್ಟಳು. ಅವಳು ಬರಲಿಲ್ಲ.

ಬಾಣಂತನಕ್ಕೆ ನಾನು ತವರಿಗೆ ಬಂದಾಗ ಚಿಕ್ಕಮ್ಮ ನೋಡಲು ಬಂದು ಹೊಸ್ತಿಲಲ್ಲೇ ನಿಂತಳು. ಮಗೂನ ಎತ್ತಿಕೋ ಎಂದೆ.

"ಎತ್ಕೊಂಡ್ರೆ ಬರಲ್ಲ, ಮುತ್ತಿಟ್ರೂ ಬರಲ್ಲ. ನಂಗೊತ್ತು ಕಣಮ್ಮ. ನಿಮ್ಮಮ್ಮ ಹೆದರ್ತಾಳೆ."

ನಾನೇ ಅವಳನ್ನು ಕೂರಿಸಿ ಮಗುವನ್ನು ಮಡಿಲಲ್ಲಿಟ್ಟೆ. ಅವಳು ಬಗ್ಗಿ ಅದರ ನೆತ್ತಿ ಮೂಸಿದಳು. ಅವಳು ಹೊರಡುತ್ತಲೇ ಅಮ್ಮ ಮಗುವನ್ನು ಬಚ್ಚಲಿಗೆ ಒಯ್ದು ನೀರು ಹಾಕಿದಳು. ಆ ಸದ್ದು ಬೀದಿಯವರೆಗೂ ಕೇಳಿಸಿರಬೇಕು. ಚಿಕ್ಕಮ್ಮ ಮತ್ತೆ ನಮ್ಮ ಮನೆಗೆ ಕಾಲಿಡಲಿಲ್ಲ.

ಆಸ್ಪತ್ರೆಯವರು ಕೊಟ್ಟ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದಳು. ಆದರೆ ಕಾಯಿಲೆ ಗೊತ್ತಾಗಿದ್ದೇ ತಡವಾಗಿ. ಅಷ್ಟರಲ್ಲೇ ಮೈ ಸೋತಿತ್ತು, ಆ ನಿಶ್ಶಕ್ತಿಯ ಮೇಲೆ ಕ್ಷಯವೂ ಬಂತು. ಆ ವರ್ಷವೇ ಹೋದಳು. ಮೈ ತೊಳೆಯಲು ಯಾರೂ ಮುಂದೆ ಬರಲಿಲ್ಲ. ನನ್ನ ಗಂಡ ನೀರು ತಂದುಕೊಟ್ಟ, ನಾನು ತೊಳೆದೆ. ಅಮ್ಮ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಸೀರೆ ಉಡಿಸಿದ ಮೇಲೆ ಒಳಗೆ ಬಂದು, ಎಷ್ಟೋ ವರ್ಷಗಳ ಮೇಲೆ, ತಂಗಿಯ ಕೆನ್ನೆ ಮುಟ್ಟಿದಳು.