ತಿಗರಿ ಕಾಣದ ಚಾ ಗಿಂಡಿ

ಅಜ್ಜಂಪುರದ ಕುಂಬಾರ ದೇವೀರಪ್ಪನ ಮಾತನ್ನು ಮಣ್ಣು ಕೇಳುತ್ತಿತ್ತು. ಮಗಳು ತೀರ್ಥಮ್ಮ ಕೇಳುತ್ತಿರಲಿಲ್ಲ. ಗಂಡ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ತವರಿಗೆ ಬಂದವಳು. ಅಪ್ಪ ತಿಗರಿಯ ಚಕ್ರ ತಿರುಗಿಸಿ ಎತ್ತಿಕೊಟ್ಟ ಹಸಿ ಗಡಿಗೆಗೆ ಒಳಗಿನಿಂದ ಗುಂಡುಕಲ್ಲು ಒತ್ತಿಹಿಡಿದು, ಹೊರಗೆ ಹಲಗೆಯಿಂದ ತಟ್ಟಿ ಹೊಟ್ಟೆ ಬರಿಸುವುದು ಅವಳ ಕೆಲಸ. ತಿರುಗಿಸುವುದು ಗಂಡಸರದು, ತಟ್ಟುವುದು ಹೆಂಗಸರದು. ತಿಗರಿ ಎಂದರೆ ಆ ಮನೆಗಳಲ್ಲಿ ಲಿಂಗದ ಸಮಾನ, ಹೆಣ್ಣು ಮುಟ್ಟುವಂತಿಲ್ಲ.

ಗಂಡುಮಕ್ಕಳಿಲ್ಲದ ಮನೆಯ ತಿಗರಿ ದಾಯಾದಿಗೆ ಹೋಗುವುದು ರೂಢಿ. ಸುಗ್ಗಿಯಲ್ಲಿ ರೈತರು ಕುಂಬಾರನಿಗೆ ಅಳೆದು ಕೊಡುವ ಆಯದ ಕಾಳೂ ಅದರ ಬೆನ್ನಿಗೇ ಹೋಗುತ್ತದೆ. ದೇವೀರಪ್ಪನ ಮೊಣಕಾಲಿಗೆ ನೋವು ಹಿಡಿದಂದಿನಿಂದ ಅವನ ತಮ್ಮನ ಮಗ ಕಲ್ಲೇಶಪ್ಪ ತರೀಕೆರೆಯಿಂದ ಯೋಗಕ್ಷೇಮಕ್ಕೆಂದು ಬರತೊಡಗಿದ್ದ. ವಿಚಾರಿಸುತ್ತಿದ್ದುದು ದೊಡ್ಡಪ್ಪನನ್ನು, ನೋಡುತ್ತಿದ್ದುದು ತಿಗರಿಯನ್ನು.

“ದೊಡ್ಡಪ್ಪಾ, ನಿನ್ ಕಾಲ ಆದ್ಮೇಲೆ ತೀರ್ಥಕ್ಕ ನಮ್ಮನೇಗೆ ಬಂದಿರ್ಲಿ ಬಿಡು. ಸಗಣಿ ಬಾಚೋಕೆ ಒಂದಾಳು ಬೇಕೇ ಬೇಕು.”

“ಮೊದ್ಲು ನಿನ್ ತಲೇಲಿರೋದನ್ನ ಬಾಚ್ಕಳಲೇ, ಆಮೇಲೆ ಬತ್ತೀನಿ,” ಎಂದಳು ತೀರ್ಥಮ್ಮ.

ಉತ್ತರ ಖಾರವಾಗಿತ್ತು. ಆದರೆ ಬರೀ ಖಾರದಲ್ಲಿ ಊಟವಾಗುವುದಿಲ್ಲ. ಅಪ್ಪನ ನಂತರ ತಾನು ಕಲ್ಲೇಶಪ್ಪನ ಕೊಟ್ಟಿಗೆಗೇ ಸೇರಬೇಕು ಎನ್ನುವುದು ಅವಳಿಗೆ ಗೊತ್ತಿತ್ತು.

ಮೊದಲನೆಯ ಮಹಾಯುದ್ಧ ಮುಗಿದ ಸುಮಾರಿಗೆ ಕಡೂರಿನ ಕೊಬ್ಬರಿ ಸಾಹುಕಾರ ಮಲ್ಲಿಕಾರ್ಜುನಪ್ಪನವರು ಬೊಂಬಾಯಿಯಿಂದ ಚೀನಾದ ಚಾ ಗಿಂಡಿಯೊಂದನ್ನು ತಂದರು. ಅಂಗೈಯಲ್ಲಿ ಕೂರುವಷ್ಟು ಪುಟ್ಟದು, ಬರೀ ಕೆಂಪು ಮಣ್ಣು. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಚಾ ಕುಡಿಯುವುದೇ ಒಂದು ಪಕ್ಷಾಂತರ. ಸಾಹುಕಾರರು ನೆಂಟರನ್ನೂ ತಮ್ಮ ಪಕ್ಷಕ್ಕೆ ಎಳೆಯಲು ಹೊರಟಿದ್ದರು.

“ಇಂಥವೇ ಒಂದಷ್ಟು ಮಾಡ್ಕೊಡು ದೇವೀರಪ್ಪ. ಚೀನಾದೋರಿಗೂ ಇರೋದು ಎರಡೇ ಕೈ ಕಣಯ್ಯಾ.”

“ನಂಗೂ ಎರಡೇ ಸಾವ್ಕಾರ್ರೇ. ಅವ್ರ ಮಂಡಿ ಹೆಂಗಿದಾವೋ ಕೇಳಿದ್ರಾ?”

ದೇವೀರಪ್ಪ ವಿಭೂತಿ ಹಚ್ಚಿಕೊಂಡು ತಿಗರಿಯ ಮುಂದೆ ಕುಳಿತ. ಒಂದು ಗಿಂಡಿಯ ಕೊಕ್ಕು ಆನೆಯ ಸೊಂಡಿಲಾಯಿತು. ಇನ್ನೊಂದರ ಮುಚ್ಚಳ ಅಜ್ಜನ ಹಲ್ಲಿನಂತೆ ಅಲ್ಲಾಡಿತು. ಮತ್ತೊಂದು ಸುಡುವ ಆವಿಗೆಯಿಂದ ಹೊರಬರುವಷ್ಟರಲ್ಲಿ ಕೊಕ್ಕೂ ಹೊಟ್ಟೆಯೂ ಬೇರೆ ಸಂಸಾರ ಹೂಡಿದ್ದವು. ತಿಗರಿ ತಿರುಗಿತೇ ಹೊರತು ಅದೃಷ್ಟ ತಿರುಗಲಿಲ್ಲ.

ಸಾಹುಕಾರರು ಮಾದರಿಗೆಂದು ಬಿಟ್ಟುಹೋಗಿದ್ದ ಗಿಂಡಿಯನ್ನು ತೊಳೆಯುತ್ತಿದ್ದ ತೀರ್ಥಮ್ಮ ಅದರೊಳಗೆ ಬೆರಳಾಡಿಸಿ ನಿಂತುಬಿಟ್ಟಳು.

“ಅಪ್ಪಯ್ಯ, ಇದು ತಿಗರಿ ಕಂಡೇ ಇಲ್ಲ. ಒಳಗೆ ಬೆರಳಿನ ಸುತ್ತು ಎಲ್ಲೈತೆ? ತಟ್ಟಿ ಸುತ್ತವ್ರೆ. ಇಲ್ನೋಡು, ಕೂಡಿಸಿರೋ ಗೆರೆ.”

“ತಟ್ಟೋಕೆ ಅದೇನು ರೊಟ್ಟಿಯೇನೇ?”

“ರೊಟ್ಟೀನೇ ಅಂತಿಟ್ಕೋ.”

ಅವಳು ಮಣ್ಣನ್ನು ಗಟ್ಟಿಯಾಗಿ ನಾದಿ, ಕಲ್ಲಿನ ಮೇಲೆ ತಟ್ಟಿ, ಪಟ್ಟಿ ಕೊಯ್ದು ಬಳೆಯಂತೆ ಸುತ್ತಿದಳು. ಮೇಲೂ ಕೆಳಗೂ ಹಲಗೆಯಿಂದ ಮೆಲ್ಲಗೆ ತಟ್ಟಿ ಒಳಕ್ಕೆ ಬಾಗಿಸಿ, ಮಣ್ಣಿನ ಬಿಲ್ಲೆಗಳಿಂದ ಮುಚ್ಚಿ, ಮೇಲೆ ಬಾಯಿ ಕೊಯ್ದು, ಕೊಕ್ಕು ಹಿಡಿ ಕೂಡಿಸಿದಳು. ಮೊದಮೊದಲ ಗಿಂಡಿಗಳು ಆವಿಗೆಯಲ್ಲಿ ಕೂಡಿಸಿದ ಗೆರೆಗೇ ಸೀಳಿದವು. ಆಮೇಲಿನದು ಸೀಳಲಿಲ್ಲ. ದೇವೀರಪ್ಪ ನೀರು ತುಂಬಿ ಬಗ್ಗಿಸಿದ. ದಾರ ಎಳೆದಂತೆ ಬಂತು; ಎತ್ತಿದೊಡನೆ ನಿಂತಿತು. ಮತ್ತೆ ತುಂಬಿದ, ಮತ್ತೆ ಬಗ್ಗಿಸಿದ. ಹೋಗಿ ತಿಗರಿಗೆ ಗೋಣಿ ಹೊದಿಸಿದ.

ಸಾಹುಕಾರರ ನೆಂಟರು ಗಿಂಡಿ ಬೇಕೆಂದು ಕೇಳಿದರು, ಬೀರೂರು ಸ್ಟೇಷನ್ನಿನವರು ಕೇಳಿದರು. ಸುದ್ದಿ ತರೀಕೆರೆಗೆ ಹೋದದ್ದೇ ಕಲ್ಲೇಶಪ್ಪ ಕುಲದ ಯಜಮಾನ ಹನುಮಂತಪ್ಪನನ್ನು ಕರೆದುಕೊಂಡು ಬಂದ.

“ಯಜಮಾನ್ರೇ, ಮುಂದೆ ಈ ಮನೆ ಕುಂಬಾರಿಕೆ ನಂದು. ಈಯಮ್ಮ ಈಗ್ಲೇ ಗಿಂಡಿ ಮಾಡಿ ಮಾರ್ತಾವ್ಳೆ.”

“ತಿಗರಿ ಮುಟ್ಟಿದ್ಯೇನವ್ವಾ?”

“ಇಲ್ಲ ಕಣಜ್ಜ, ತಟ್ಟಿದೀನಿ. ಹೆಂಗಸ್ರು ತಟ್ಟಬಾರ್ದು ಅಂತ ಯಾವಾಗಾಯ್ತು?”

ಹನುಮಂತಪ್ಪ ಗಿಂಡಿಯನ್ನು ತಿರುವಿ ಮುರುವಿ ನೋಡಿದ.

“ತಿಗರಿ ನಿಂದೇ ಕಣೋ ಕಲ್ಲೇಶ, ಯಾರೂ ಕಿತ್ಕಳಲ್ಲ. ತಿಗರೀಲಿ ಹುಟ್ಟದ್ದು ನಿಂದು ಹೆಂಗಾಯ್ತದೋ?”

ಕಲ್ಲೇಶಪ್ಪನ ಕಣ್ಣು ಗೋಣಿ ಹೊದ್ದ ತಿಗರಿಯ ಮೇಲೆ ಹೋಯಿತು. ಆಗ ದೇವೀರಪ್ಪ ಗೋಡೆ ಹಿಡಿದು ಎದ್ದ.

“ತಿಗರೀನ ಇವತ್ತೇ ತಗೊಂಡೋಗು ಕಲ್ಲೇಶ.”

“ಅಪ್ಪಯ್ಯ! ಆಯಾನೂ ಹೋಯ್ತದೆ,” ಎಂದಳು ತೀರ್ಥಮ್ಮ.

“ಹೋಗ್ಲಿ. ನಾನ್ ಸತ್ಮೇಲೆ ಹೊತ್ಕಂಡೋದ್ರೆ ನೀನೊಬ್ಳೇ ನಿಂತು ನೋಡ್ಬೇಕು. ಈಗಾದ್ರೆ ಇಬ್ರೂ ನೋಡಾನ.”

ಇಬ್ಬರೂ ನೋಡಿದರು. ತಿಗರಿ ಗಾಡಿಯೇರಿ ಕೆರೆಯ ತಿರುವಿನಲ್ಲಿ ಮರೆಯಾಯಿತು. ಆ ಸುಗ್ಗಿಯಿಂದ ಮನೆಗೆ ಆಯದ ಕಾಳು ಬರಲಿಲ್ಲ. ಗಿಂಡಿಗಳಿಂದಲೇ ರಾಗಿ ಬಂತು, ಕೆಲವು ತಿಂಗಳು ತೆಳ್ಳಗೆ, ಕೆಲವು ತಿಂಗಳು ದಪ್ಪಗೆ.

ತಿಗರಿ ಕಿತ್ತ ಕುಳಿಯನ್ನು ತೀರ್ಥಮ್ಮ ಅಂದು ಸಂಜೆಯೇ ಮುಚ್ಚಿ, ಅದರ ಮೇಲೆ ತನ್ನ ತಟ್ಟುವ ಕಲ್ಲನ್ನು ಎಳೆದು ಹಾಕಿಕೊಂಡಳು. ದೇವೀರಪ್ಪ ಸ್ವಲ್ಪ ಹೊತ್ತು ಅಲ್ಲಿ ಇಲ್ಲಿ ಸುಳಿದಾಡಿ, ಕೊನೆಗೆ ಎದುರಿಗೆ ಕಾಲು ಚಾಚಿ ಕುಳಿತು ಮಣ್ಣು ನಾದತೊಡಗಿದ.

“ಈಟು ಗಟ್ಟಿ ಸಾಕೇನವ್ವಾ?”

ತೀರ್ಥಮ್ಮ ಹೆಬ್ಬೆರಳಿಂದ ಒತ್ತಿ ನೋಡಿದಳು.

“ಇನ್ನೂ ನಾದು.”