ಸಂಡಿಗೆ ಕಾಯುವ ಕಾದಂಬರಿಕಾರ್ತಿ

ದೊಡ್ಡ ಸಾಹಿತಿಗಳು ಸಂದರ್ಶನಗಳಲ್ಲಿ ‘ಬರೆಯುವುದಕ್ಕೆ ಏಕಾಂತ ಬೇಕು’ ಎನ್ನುವುದನ್ನು ಓದಿದಾಗಲೆಲ್ಲ ನನಗೆ ಒಂದೇ ಅನುಮಾನ: ಇವರ ಮನೆಗೆ ಅವರೆಕಾಯಿ ತರುವುದಿಲ್ಲವೇ? ಮಳವಳ್ಳಿಯ ನಮ್ಮ ಮನೆಗೆ ಅದು ಚೀಲದಲ್ಲೇ ಬರುತ್ತದೆ. ಸುಲಿದು, ನೆನೆಹಾಕಿ, ಹಿತುಕಿ ಮುಗಿಸುವಷ್ಟರಲ್ಲಿ ಸಂಕ್ರಾಂತಿಗೆ ಕೊಬ್ಬರಿ, ಬೆಲ್ಲ ಹೆಚ್ಚುವ ಕೆಲಸ ಬಾಗಿಲಲ್ಲಿ ನಿಂತಿರುತ್ತದೆ. ಬೆರಳಿನ ಬೊಬ್ಬೆ ಒಣಗಿ ಪೆನ್ನು ಹಿಡಿಯೋಣ ಎಂದರೆ ಯುಗಾದಿ. ಗೋಡೆಗೆ ಸುಣ್ಣ, ಅಟ್ಟದ ಹಿತ್ತಾಳೆ ಪಾತ್ರೆಗಳಿಗೆ ಹುಣಸೆಹಣ್ಣು. ಇಷ್ಟು ದಿನವೂ ನನ್ನ ಕಾದಂಬರಿಯ ನಾಯಕಿ ಆಸ್ಪತ್ರೆಯ ಮಂಚದ ಮೇಲೆ ಮಲಗಿ, ನಾನು ಬಿಡುವಾಗಿ ಬಂದು ಸಾಯಿಸುವುದನ್ನೇ ಕಾಯುತ್ತಿದ್ದಳು. ಕೊನೆಯ ಅಧ್ಯಾಯ ಮಾತ್ರ ಬಾಕಿ. ಈ ತಿಂಗಳೊಳಗೆ ಕೊಡದಿದ್ದರೆ ಬೇರೆಯವರ ಪುಸ್ತಕ ಅಚ್ಚಿಗೆ ಹೋಗುತ್ತದೆ ಎಂದು ಪ್ರಕಾಶಕರು ಫೋನಿನಲ್ಲಿ ಬಹಳ ವಿನಯವಾಗಿ ಹೆದರಿಸಿದ್ದರು.

ಅಷ್ಟರಲ್ಲಿ ಸಂಡಿಗೆ ಕಾಲ ಬಂತು.

ಮನೆಯಲ್ಲಿ ನಾನು ಬರೆಯುವ ಜಾಗ ಎಂದರೆ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಅಡಿ, ಅದನ್ನು ಹೊತ್ತ ಕಲ್ಲುಹಲಗೆಯ ನೆರಳಲ್ಲಿ. ಅತ್ತೆಗೆ ಸಂಡಿಗೆ ಒಣಗಿಸುವ ಜಾಗವೂ ಆ ತಾರಸಿಯೇ. ಹಳೆ ಪಂಚೆ ಹಾಸಿ, ಸಂಡಿಗೆ ಇಟ್ಟು, ಕಾಗೆ ಬೆದರಲೆಂದು ಪಕ್ಕದಲ್ಲಿ ಕರಿ ಕೊಡೆ ಬಿಚ್ಚಿಡುವುದು ನಮ್ಮಲ್ಲಿ ವಾಡಿಕೆ. ಆದರೆ ಈ ಸಲ ಕಾಗೆಗಳು ಆ ಕೊಡೆಯ ನೆರಳಲ್ಲೇ ಕುಳಿತು ಸಂಡಿಗೆ ತಿನ್ನತೊಡಗಿದವು. ಅತ್ತೆಯ ಕಣ್ಣು ನನ್ನ ಮೇಲೆ ಬಿತ್ತು.

“ಎಂಗೂ ಸುಮ್ಕೆ ಕುಂತಿರ್ತೀಯಲ್ಲವ್ವ, ಒಸಿ ಆ ಕಡೆ ಕಣ್ ಮಡಗಿರು.”

ತಲೆ ಬಗ್ಗಿಸಿ ಬರೆಯುವುದು ಅತ್ತೆಯ ಪ್ರಕಾರ ಸುಮ್ಮನೆ ಕೂರುವುದರಲ್ಲೇ ಒಂದು ಬಗೆ. ಸುದ್ದಿ ಬೀದಿಗೂ ಹಬ್ಬಿತು. ಪಕ್ಕದ ಮನೆಯಾಕೆ ಮೊರದ ತುಂಬ ಅರಳು ಸಂಡಿಗೆ ಹೊತ್ತು ತಂದು, “ಇವ್ರು ಬರೀತಾ ಕುಂತಿರ್ತಾರಂತಲ್ಲ, ನಮ್ದೂ ಇಲ್ಲೇ ಇರ್ಲಿ” ಎಂದರು. ಅವರ ಹಿಂದೆ ಉಳಿದವರೂ ಬಂದರು. ಸಾಹಿತ್ಯದಿಂದ ಸಮಾಜಕ್ಕೆ ಏನು ಉಪಯೋಗ ಎಂಬ ಪ್ರಶ್ನೆಗೆ ನಮ್ಮ ಬೀದಿಯ ಮಟ್ಟಿಗಾದರೂ ಉತ್ತರ ಸಿಕ್ಕಿತು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ನನ್ನ ಬರವಣಿಗೆ ಸಾಗಿತು. ಒಂದು ವಾಕ್ಯ, ಒಂದು ‘ಹುಶ್’. ನಾಯಕಿ ಇನ್ನೇನು ಕೊನೆಯುಸಿರೆಳೆಯಬೇಕು, ಕಾಗೆ ಬರುತ್ತಿತ್ತು. ನಾನು ಅದನ್ನು ಓಡಿಸಿ ಬರುವಷ್ಟರಲ್ಲಿ ಆಕೆ ಮತ್ತೆ ಉಸಿರಾಡುತ್ತಿದ್ದಳು.

ಒಂದು ಮಧ್ಯಾಹ್ನ ಅದೇಕೋ ಕಾಗೆಗಳೇ ಬರಲಿಲ್ಲ. ನನ್ನ ಪುಣ್ಯ ಎಂದುಕೊಂಡು ಬರೆಯುತ್ತಾ ಹೋದೆ. ಬೆಳಕು ಮಂಕಾದದ್ದು ಗೊತ್ತಾಯಿತು, ಆದರೆ ಅದು ಆಸ್ಪತ್ರೆಯ ಬೆಳಕು ಎಂದುಕೊಂಡೆ. ಮಳೆ ದಪ್ಪ ಹನಿಗಳಲ್ಲಿ ಸುರಿಯಿತು. ಹಲಗೆಯ ಅಡಿ ಕೂತಿದ್ದ ನನಗೆ ಒಂದು ಹನಿಯೂ ತಾಗಲಿಲ್ಲ. ನಾಯಕಿ ಸತ್ತಳು. ಅತ್ತೆ ಏದುಸಿರು ಬಿಡುತ್ತಾ ಮೇಲೆ ಬರುವ ಹೊತ್ತಿಗೆ ಬೀದಿಯ ಸಂಡಿಗೆಯೆಲ್ಲ ಗಂಜಿಯಾಗಿತ್ತು, ನಾನು ಮಡಿಲಲ್ಲಿ ಹಾಳೆಗಳನ್ನು ಇಟ್ಟುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ.

ಅತ್ತೆ ಒಂದು ಗಳಿಗೆ ನೋಡಿದರು. ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿದರು.

“ಬುಡವ್ವ, ಓದ್ರೆ ಓಯ್ತು. ಸಂಡಿಗೆಗೆಲ್ಲ ಯಾರಾದ್ರೂ ಇಂಗೆ ಅಳ್ತಾರಾ?”

ಸಂಜೆಯೊಳಗೆ ಬೀದಿಯಲ್ಲಿ ನನ್ನ ಬೆಲೆ ಏರಿತು. ಸಂಡಿಗೆ ಕಳೆದುಕೊಂಡವರೇ ಬಂದು ನನಗೆ ಸಮಾಧಾನ ಹೇಳಿದರು. ಇಂಥ ಸೊಸೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದರು. ನನ್ನ ಕತೆಗಳಿಗೆ ಇಂಥ ಮೆಚ್ಚುಗೆ ಎಂದೂ ಬಂದದ್ದಿಲ್ಲ. ಬಾಯಿ ಮುಚ್ಚಿಕೊಂಡು ತೆಗೆದುಕೊಳ್ಳಬಹುದಿತ್ತು. ಆದರೆ ಇಷ್ಟು ವರ್ಷ ಹೊತ್ತ ಪುಸ್ತಕ ಅವತ್ತು ಮುಗಿದಿತ್ತು, ಅದನ್ನು ಒಬ್ಬರೂ ಕೇಳಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಕಾಫಿ ಕೊಡುವಾಗ ಹೇಳಿಯೇಬಿಟ್ಟೆ.

“ನಾನು ಅತ್ತಿದ್ದು ಸಂಡಿಗೆಗಲ್ಲ ಅತ್ತೆ. ಬರೀತಿದ್ನಲ್ಲ, ಅದ್ರಲ್ಲಿ ಒಬ್ಳು ಸತ್ತೋದ್ಲು.”

ಅತ್ತೆ ಲೋಟ ಕೆಳಗಿಟ್ಟರು. “ಮಕ್ಳಿದ್ವಾ?”

“ಒಬ್ಳು ಮಗಳು.”

“ಏನಾಗಿತ್ತು ಅವ್ಳಿಗೆ?”

ಹೇಳಿದೆ. ಸಾಯುವಾಗ ಯಾರಿದ್ದರು, ಗಂಡ ಬಂದನಾ, ಮಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುತ್ತಾ ಹೋದರು. ಇಡೀ ಕಾದಂಬರಿಯನ್ನೇ ಹೇಳಿ ಮುಗಿಸಿದೆ. ನನ್ನ ಬರವಣಿಗೆಯನ್ನು ಆ ಮನೆಯಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲು. ಅತ್ತೆ ತಣ್ಣಗಾದ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದರು.

“ಅವ್ಳು ಸಾಯೋದು ಬುಡೋದು ನಿನ್ ಕೈಲೇ ಇತ್ತಾ?”

“ಹೂಂ ಅತ್ತೆ.”

“ಮಳೆ ಬಂದಾಗ ನೀನು ಎದ್ದಿದ್ರೆ ಸಂಡಿಗೆನೂ ಉಳೀತಿತ್ತು, ಅವ್ಳೂ ಉಳೀತಿದ್ಲು.”

ಆಮೇಲೆ ನನ್ನ ಮುಖವನ್ನೂ ನೋಡದೆ ಒಳಗೆ ಹೋದರು. ಸಂಡಿಗೆ ಹೋದದ್ದಕ್ಕೆ ಅವರು ಒಂದು ಮಾತೂ ಬೈದಿರಲಿಲ್ಲ.